ನಾಲ್ಕು ವಾಕ್ಯದ ಹುಡುಗಿ

ಬಾಯಿ ಜೋರಿರುವ ಹೆಂಗಸಿನ ಹೊಟ್ಟೆಯಲ್ಲಿ ಬಾಯಿಲ್ಲದ ಮಗು ಹುಟ್ಟುತ್ತದೆ. ಇದನ್ನು ನಾನು ಯಾವ ಪುಸ್ತಕದಲ್ಲೂ ಓದಿದ್ದಲ್ಲ. ನಾನು ಓದಿರುವುದೇ ಅಷ್ಟಕ್ಕಷ್ಟೆ. ಕೂಲಿಮಠದಲ್ಲಿ ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದೆ; ಒತ್ತಕ್ಷರದ ಪಾಠ ಶುರುವಾಗುವ ಹೊತ್ತಿಗೆ ಮದುವೆ ಮಾಡಿ ಕಳಿಸಿದರು. ಅದಕ್ಕೇ ಇವತ್ತಿಗೂ ಒತ್ತು ಎದುರಾದರೆ ನನ್ನ ಕೈ ನಿಂತು, ಆ ಕಡೆ ಈ ಕಡೆ ನೋಡಿ, ಬಸ್ಸು ಗಿಸ್ಸು ಬರುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಆಮೇಲೆ ದಾಟುತ್ತದೆ. ಇಂಥವಳು ಒಂದು ಕಾಲದಲ್ಲಿ ಹೈಸ್ಕೂಲು ಹುಡುಗಿಗೆ ಪ್ರಬಂಧ ಬರೆಯುವುದನ್ನು ಕಲಿಸಿದೆ ಎಂದರೆ ನೀವು ನಗುತ್ತೀರಿ. ನಗಿ. ಆಗಲೂ ಒಂದು ಸಭೆಗೆ ಸಭೆಯೇ ನಕ್ಕಿತ್ತು. ನಗದೆ ಕೂತಿದ್ದವರು ಕೆಲವೇ ಜನ, ಅವರಲ್ಲಿ ನಾನೊಬ್ಬಳು.

ಆಗ ನಾವು ಚಾಮರಾಜಪೇಟೆಯಲ್ಲಿದ್ದೆವು. ಯುದ್ಧ ಮುಗಿದಿತ್ತು, ರೇಷನ್ ಮುಗಿದಿರಲಿಲ್ಲ. ನಮ್ಮ ಯಜಮಾನರದು ಮಾರ್ಕೆಟ್ಟಿನ ಹತ್ತಿರ ಬೆಲ್ಲದ ಮಂಡಿ. ಆ ಮಂಡಿಯಲ್ಲಿ ವ್ಯಾಪಾರ ಬಾಯಲ್ಲಿ ಆಗುತ್ತಿರಲಿಲ್ಲ. ಕೊಳ್ಳುವವರು ಮಾರುವವರು ಎದುರುಬದುರು ಕೂತು, ಕೈಗಳ ಮೇಲೆ ಒಂದು ಟವಲು ಹೊದಿಸಿಕೊಂಡು, ಅದರ ಅಡಿಯಲ್ಲಿ ಒಬ್ಬರ ಬೆರಳು ಒಬ್ಬರು ಹಿಡಿದು ರೇಟು ಹೇಳಬೇಕು. ಪಕ್ಕದಲ್ಲಿ ನಿಂತವನಿಗೆ ಒಂದೂ ತಿಳಿಯಬಾರದು. ಒಪ್ಪಿಗೆಯಾದರೆ ಅಂಗೈ ಒತ್ತುವುದು. ಒಪ್ಪಿಗೆಯಿಲ್ಲದಿದ್ದರೆ ಏನನ್ನೂ ಒತ್ತದೆ ಕೈಯನ್ನು ಹೊರಕ್ಕೆ ತೆಗೆದುಕೊಳ್ಳುವುದು, ಅಷ್ಟೇ. ಬೈಗುಳವಿಲ್ಲ, ಜಗಳವಿಲ್ಲ. ವರ್ಷಗಟ್ಟಲೆ ಹೀಗೆ ವ್ಯಾಪಾರ ಮಾಡಿ ಮಾಡಿ ನಮ್ಮ ಯಜಮಾನರಿಗೆ ಬಾಯಿ ಇರುವುದು ಊಟಕ್ಕೆ ಮಾತ್ರ ಎಂದಾಗಿಬಿಟ್ಟಿತ್ತು. ಮನೆಗೆ ಬಂದರೆ "ಅನ್ನ" ಎನ್ನುವರು, "ಸಾಕು" ಎನ್ನುವರು. ಹಬ್ಬದ ದಿನ ಹೋಳಿಗೆ ಚೆನ್ನಾಗಿದ್ದರೆ "ಇನ್ನೊಂದು" ಎನ್ನುವರು. ಅವರ ಪಾಲಿನದನ್ನೂ ಸೇರಿಸಿ ನಾನೇ ಮಾತಾಡಬೇಕಿತ್ತು. ಸಂಸಾರ ಎಂದ ಮೇಲೆ ಇಷ್ಟು ಮಾತು ಅಂತ ಖರ್ಚಾಗಲೇಬೇಕು; ಒಬ್ಬರು ಉಳಿಸಿದರೆ ಇನ್ನೊಬ್ಬರು ಖರ್ಚು ಮಾಡಬೇಕು.

ಮಗಳು ನೀಲಾ ಅಪ್ಪನನ್ನು ಹೋತಳು. ಹೈಸ್ಕೂಲಿನ ಐದನೇ ಫಾರಂನಲ್ಲಿದ್ದಳು. ಲೆಕ್ಕದಲ್ಲಿ ಯಾವಾಗಲೂ ಮುಂದು. ಕನ್ನಡದಲ್ಲಿ ಪದ್ಯ ಬಾಯಿಪಾಠ, ವ್ಯಾಕರಣವೂ ಪರವಾಗಿಲ್ಲ. ಪ್ರಬಂಧ ಬಂತೋ, ಹುಡುಗಿ ನಾಲ್ಕು ವಾಕ್ಯ ಬರೆದು ಪೆನ್ನಿನ ಮುಚ್ಚಳ ಹಾಕಿಬಿಡುವಳು. ಅವಳ ಶಾಲೆಯ ಕನ್ನಡ ಮೇಷ್ಟ್ರು ನಮ್ಮ ಮನೆಯ ಮುಂದಿನ ರೂಮಿನಲ್ಲೇ ಬಾಡಿಗೆಗಿದ್ದರು. ಕರೀ ಕೋಟು, ಕಚ್ಚೆಪಂಚೆ, ತಲೆಗೆ ರುಮಾಲು. ಮನುಷ್ಯ ಒಳ್ಳೆಯವರು, ಆದರೆ ಒಂದು ಲೋಟ ನೀರು ಕೇಳಬೇಕಾದರೂ ನೀರಿನ ಮಹಿಮೆಯಿಂದ ಶುರು ಮಾಡುವರು. ಒಂದು ಸಾಯಂಕಾಲ ನೀಲಾ ಬರೆದ ಪ್ರಬಂಧ ಹಿಡಿದುಕೊಂಡು ನಡುಮನೆಗೆ ಬಂದರು.

"ಅಮ್ನೋರೆ, ಸ್ವಲ್ಪ ಕೇಳಿ. ವಿಷಯ ಮಳೆಗಾಲ. ಒಂದೂವರೆ ಪುಟ ಬರೀಬೇಕು ಅಂದಿದ್ದೆ. ನಿಮ್ಮ ಮಗಳು ಬರೆದಿರೋದು ಇಷ್ಟು." ಕನ್ನಡಕ ಏರಿಸಿಕೊಂಡು ಓದಿದರು: "ಮಳೆಗಾಲದಲ್ಲಿ ಮಳೆ ಬರುತ್ತದೆ. ಗೋಡೆ ತೇವವಾಗುತ್ತದೆ. ಬೆಲ್ಲ ನೀರು ಬಿಡುತ್ತದೆ. ನಷ್ಟ."

"ಇದರಲ್ಲಿ ತಪ್ಪೇನಿದೆ ಮೇಷ್ಟ್ರೇ?" ಎಂದೆ.

"ತಪ್ಪಿಲ್ಲ ಅನ್ನೋದೇ ಕಷ್ಟ ತಾಯಿ! ತಪ್ಪು ಮಾಡೋಕಾದ್ರೂ ನಾಲ್ಕು ಮಾತು ಜಾಸ್ತಿ ಬರೀಬೇಕಲ್ಲ. ಹತ್ತಕ್ಕೆ ಎರಡು ಕೊಟ್ಟಿದ್ದೀನಿ. ಅದೂ ಅಕ್ಷರ ದುಂಡಗಿದೆ ಅಂತ."

ಅಲ್ಲೇ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಯಜಮಾನರು, "ಸರಿಯಾಗೇ ಬರ್ದಿದಾಳೆ" ಎಂದರು. ಆ ವಾರದಲ್ಲಿ ಅವರು ಆಡಿದ ಅತಿ ಉದ್ದದ ಮಾತು ಅದು.

ಇದು ಬರೀ ಮಾರ್ಕಿನ ಮಾತಾಗಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಆ ಹೊತ್ತಿಗೆ ತುಮಕೂರಿನ ಒಬ್ಬ ಕೊಬ್ಬರಿ ಸಾಹುಕಾರರು ತಮ್ಮ ಮಗನಿಗೆ ನೀಲಾಳನ್ನು ಕೇಳಿದ್ದರು. ಮಾಘದಲ್ಲೇ ಲಗ್ನ ಆಗಬೇಕು ಎಂದು ಅವರ ಪಟ್ಟು. ಈ ಪ್ರಬಂಧದ ದೆಸೆಯಿಂದ ಕನ್ನಡದಲ್ಲಿ ಆಗಲೇ ಎರಡು ಸಲ ಫೇಲಾಗಿದ್ದ ಹುಡುಗಿಗೆ ಇನ್ನೆಂಥ ಓದು ಎಂದು ಯಜಮಾನರ ಯೋಚನೆ. ನನಗೂ ಆ ಸಂಬಂಧ ಬೇಡವೆಂದೇನೂ ಇರಲಿಲ್ಲ. ಕೈಕಾಲು ನೆಟ್ಟಗಿರುವ ಹುಡುಗ, ಸ್ವಂತ ಮನೆ, ಇನ್ನೇನು ಬೇಕು? ನೀಲಾಳನ್ನು ಯಾರೂ ಕೇಳಲಿಲ್ಲ. ಆಗ ಕೇಳುವ ಪದ್ಧತಿಯೂ ಇರಲಿಲ್ಲ. ಕೇಳದೆಯೇ ಅವಳು ಒಂದು ದಿನ ಅಪ್ಪನ ಊಟದ ಎಲೆಯ ಮುಂದೆ ನಿಂತು "ಓದ್ತೀನಿ" ಎಂದಳು. ಒಂದೇ ಪದ. ಯಜಮಾನರು ತುತ್ತು ಕೈಯಲ್ಲೇ ಹಿಡಿದು ಅವಳ ಮುಖ ನೋಡಿದರು. ಮೇಷ್ಟ್ರೂ ಬಂದು ಕೈ ಮುಗಿದು, ಹುಡುಗಿಗೆ ಲೆಕ್ಕದ ತಲೆ ಇದೆ, ಇನ್ನೊಂದು ಅವಕಾಶ ಕೊಡಿ ಎಂದು ಪೀಠಿಕೆ ಸಮೇತ ಹೇಳಿದರು. ಯಜಮಾನರು ಎಡಗೈಯ ಒಂದು ಬೆರಳು ಎತ್ತಿ ತೋರಿಸಿದರು. ಒಂದು ಪರೀಕ್ಷೆ. ಅರ್ಧವಾರ್ಷಿಕದಲ್ಲಿ ಕನ್ನಡ ಪಾಸಾದರೆ ಓದು, ಇಲ್ಲದಿದ್ದರೆ ಮಾಘ.

ಮೇಷ್ಟ್ರು ಕಚ್ಚೆ ಬಿಗಿದು ನಿಂತರು. ದಿನಾ ಸಾಯಂಕಾಲ ನಮ್ಮ ಜಗುಲಿಯಲ್ಲೇ ಪಾಠ. ಪ್ರಬಂಧಕ್ಕೆ ಪೀಠಿಕೆ ಬೇಕು, ವಿವರಣೆ ಬೇಕು, ಉಪಸಂಹಾರ ಬೇಕು ಎಂದರು. ಪೀಠಿಕೆ ಹೊಳೆಯದಿದ್ದರೆ "ಮಾನವನು ಸಂಘಜೀವಿ" ಎಂದು ಶುರು ಮಾಡು, ಯಾವ ವಿಷಯಕ್ಕಾದರೂ ಒಪ್ಪುತ್ತದೆ ಎಂದರು. ನೀಲಾ ಹಾಗೇ ಶುರು ಮಾಡಿದಳು. ಆಮೇಲೆ ತನ್ನ ನಾಲ್ಕು ವಾಕ್ಯ ಬರೆದಳು. ಐದಾಯಿತು. ಮೇಷ್ಟ್ರಿಗೆ ಅದೇ ಒಂದು ಸಂತೋಷ.

"ಮಳೆ ಬಂದಾಗ ನಿನ್ನ ಮನಸ್ಸಿಗೆ ಏನನ್ನಿಸುತ್ತಮ್ಮ?" ಎಂದು ಕೇಳುವರು.

"ಏನೂ ಅನ್ನಿಸಲ್ಲ ಸಾರ್."

"ನವಿಲು ಕುಣಿಯೋದು, ಕಪ್ಪೆ ಕೂಗೋದು..."

"ಚಾಮರಾಜಪೇಟೇಲಿ ನವಿಲಿಲ್ಲ ಸಾರ್."

"ಕಪ್ಪೆ?"

"ಇದೆ ಸಾರ್. ಕೂಗುತ್ತೆ."

ನಾನು ಒಳಗೆ ರಾಗಿ ಬೀಸುತ್ತಾ ಇದನ್ನೆಲ್ಲ ಕೇಳುವೆ. ನಗುವೂ ಬರುವುದು, ಸಿಟ್ಟೂ ಬರುವುದು. ಹಾಗಿರುವಾಗ ಒಂದು ದಿನ ಸೊಪ್ಪಿನವಳು ಬಾಡಿದ ದಂಟಿನ ಸೊಪ್ಪು ತಂದು ಈಗ ತಾನೇ ಕಿತ್ತಿದ್ದು ಎಂದಳು. ನಾನು ಬಾಯಿ ತೆಗೆದೆ. ಅವಳ ಸೊಪ್ಪಿನಿಂದ ಅವಳ ಅತ್ತೆಯ ಸೊಪ್ಪಿಗೆ ಹೋದೆ. ಆ ಅತ್ತೆ ತರುತ್ತಿದ್ದಾಗ ಒಂದೇ ಕಂತೆ ಮನೆಮಂದಿಗೆಲ್ಲ ಆಗುತ್ತಿತ್ತು ಎಂದೆ. ಅಲ್ಲಿಂದ ನಲ್ಲಿ ನೀರಿಗೆ, ನೀರಿಂದ ಮುನಿಸಿಪಾಲಿಟಿಗೆ, ಮುನಿಸಿಪಾಲಿಟಿಯಿಂದ ನಮ್ಮ ಬೀದಿಯ ದೀಪದ ಕಂಬಕ್ಕೆ, ಕಂಬದಿಂದ ಮತ್ತೆ ಸೊಪ್ಪಿಗೆ ಬಂದೆ. ಸೊಪ್ಪಿನವಳು ಸುಸ್ತಾಗಿ ಇನ್ನೊಂದು ಕಂತೆ ಇಟ್ಟು ಹೋದಳು. ತಿರುಗಿ ನೋಡಿದರೆ ಜಗುಲಿಯ ಮೇಲೆ ಮೇಷ್ಟ್ರು ಕಣ್ಣರಳಿಸಿ ಕೂತಿದ್ದಾರೆ.

"ಅಮ್ನೋರೆ, ಈಗ ನೀವು ಆಡಿದ್ದನ್ನ ಬರೆದ್ರೆ ಎರಡೂವರೆ ಪುಟ ಆಗುತ್ತೆ!"

"ಬೈಗುಳ ಕಣ್ರೀ ಅದು."

"ಏನಾದ್ರೂ ಆಗ್ಲಿ. ನಾನು ವಿಷಯ ಕೊಡ್ತೀನಿ. ನೀವು ಕೆಲಸ ಮಾಡ್ತಾ ಮಾತಾಡಿ, ಮಗು ಕೇಳಿಸಿಕೊಂಡು ಬರೀಲಿ. ಗುಣ ನಾನು ನೋಡ್ಕೋತೀನಿ, ನೀವು ಗಾತ್ರ ಕೊಡಿ ಸಾಕು."

ನಿಜ ಹೇಳುತ್ತೇನೆ, ನನಗೆ ಜಂಬ ಬಂತು. ನನ್ನ ಮಾತಿಗೆ ಗಿರಾಕಿ ಸಿಕ್ಕಿದ್ದು ಅದೇ ಮೊದಲು. ಮಾರನೆಯ ದಿನದಿಂದ ಅಡಿಗೆಮನೆಯಲ್ಲಿ ಪಾಠ. ನಾನು ಮೊರದ ಮುಂದೆ ಹುಣಿಸೆಹಣ್ಣಿನ ಬೀಜ ಬಿಡಿಸುತ್ತಾ ಕೂರುವೆ, ನೀಲಾ ಗೋಡೆಗೊರಗಿ ಪೆನ್ಸಿಲ್ ಹಿಡಿದು ಕೂರುವಳು. ಮೊದಲನೇ ವಿಷಯ ಹಸು. ಹಸುವಿನ ಬಗ್ಗೆ ನನಗೇನು ಗೊತ್ತು, ನಾನು ಹಾಲಿನವನ ಬಗ್ಗೆ ಹೇಳಿದೆ. ಮನೆ ಬಾಗಿಲಿಗೇ ಹಸು ಹೊಡೆದುಕೊಂಡು ಬಂದು, ನಮ್ಮ ಕಣ್ಣೆದುರಿಗೇ ಕರೆದು, ಆ ಕರೆದ ಹಾಲಿಗೂ ಅದು ಯಾವ ಮಾಯದಲ್ಲಿ ನೀರು ಸೇರಿಸುತ್ತಿದ್ದನೋ ಆ ಶಿವನಿಗೇ ಗೊತ್ತು. ಮೇಷ್ಟ್ರು ಓದಿ, "ಹಸು ಎಲ್ಲಮ್ಮಾ ಇದರಲ್ಲಿ?" ಎಂದರು. "ಕಟ್ಟಿಹಾಕಿದೆ ಸಾರ್, ಮೂರನೇ ಸಾಲಲ್ಲಿ" ಎಂದಳು ನೀಲಾ. ಅಂತೂ ಒಂದೂವರೆ ಪುಟ ತುಂಬಿತ್ತು. ಹತ್ತಕ್ಕೆ ಐದು. ಎರಡನೆಯ ವಿಷಯ ಸಮಯದ ಬೆಲೆ. ಅದಕ್ಕೆ ನಾನು ನಮ್ಮ ನಾದಿನಿಯನ್ನು ತೆಗೆದುಕೊಂಡೆ. ಒಂದು ಹೊತ್ತಿನ ಊಟಕ್ಕೆ ಎಂದು ಗೌರೀಹಬ್ಬಕ್ಕೆ ಬಂದವಳು ದೀಪಾವಳಿಯ ಎಣ್ಣೆನೀರು ಹಾಕಿಕೊಂಡು ಹೋದ ಕಥೆ. ಅದನ್ನು ಓದಿ ಮೇಷ್ಟ್ರು ಗಾಬರಿಯಾಗಿ, "ಹೆಸರು ತೆಗೆದುಬಿಡು ಮಗೂ. ಒಬ್ಬ ಬಂಧುಗಳು ಅಂತ ಹಾಕು. ಪ್ರಬಂಧದಲ್ಲಿ ಯಾರ ಹೆಸರೂ ಬರಕೂಡದು" ಎಂದರು. ಹುಡುಗಿ ಅದನ್ನು ಮನಸ್ಸಿನಲ್ಲಿಟ್ಟುಕೊಂಡಳು. ಮುಂದೆ ಆದದ್ದಕ್ಕೆಲ್ಲ ಮೇಷ್ಟ್ರ ಆ ಒಂದು ಬುದ್ಧಿಮಾತೇ ಕಾರಣ ಎಂದು ನಾನು ಬಹಳ ದಿನ ಹೇಳಿಕೊಂಡು ತಿರುಗಿದೆ.

ಮೂರನೆಯ ವಿಷಯ ಪ್ರಯಾಣ. ಪರೀಕ್ಷೆಗೆ ಅದೇ ಬರುವುದು ಹೆಚ್ಚು ಎಂದು ಮೇಷ್ಟ್ರು ಹೇಳಿದ್ದರು. ನೀಲಾ ಎಲ್ಲಿಗೂ ಹೋದವಳಲ್ಲ. ನಾನೇ ಹೋಗಿದ್ದು ಎರಡು ಕಡೆ: ಒಂದು ಶಿವಗಂಗೆಯ ಬೆಟ್ಟ, ಇನ್ನೊಂದು ಅದೇ ಆಗ ಹುಡುಗನ ಮನೆ ನೋಡಲು ಯಜಮಾನರ ಜೊತೆ ಹೋಗಿ ಬಂದಿದ್ದ ತುಮಕೂರು. ಎರಡನ್ನೂ ಹೇಳಿದೆ. ಶಿವಗಂಗೆಯಲ್ಲಿ ಹೇಳುವುದಕ್ಕೆ ಮೆಟ್ಟಿಲು ಬಿಟ್ಟರೆ ಏನಿದೆ? ತುಮಕೂರಿನಲ್ಲಿ ಮಾತ್ರ ನನ್ನ ನಾಲಿಗೆಗೆ ಮೇವು ಬೇಕಾದಷ್ಟಿತ್ತು. ರೈಲಿನಲ್ಲಿ ಒಬ್ಬಳು ನನ್ನ ತೊಡೆಯ ಮೇಲೆ ತನ್ನ ಕೋಳಿ ಇಟ್ಟು ಕಿಟಕಿಯ ಹತ್ತಿರ ಗಾಳಿಗೆ ಹೋದದ್ದು. ಜಟಕಾದವನು ಹತ್ತಿಸಿಕೊಳ್ಳುವಾಗ ಒಂದು ಬಾಡಿಗೆ, ಇಳಿಸುವಾಗ ಇನ್ನೊಂದು ಬಾಡಿಗೆ ಹೇಳಿದ್ದು. ಆಮೇಲೆ ಬೀಗರಾಗುವವರ ಮನೆ. ಬರಿಗೈಲಿ ಹೋಗಬಾರದು ಎಂದು ನಾವು ಮಂಡಿಯಿಂದ ಎರಡು ಅಚ್ಚು ಬೆಲ್ಲ ಕೊಂಡೊಯ್ದಿದ್ದೆವು. ಹುಡುಗನ ತಾಯಿ ಅದನ್ನು ತೆಗೆದುಕೊಂಡು ಒಳಗೆ ಹೋದರು, ಕುಟ್ಟುವ ಸದ್ದು ಕೇಳಿತು, ಆ ಬೆಲ್ಲದಲ್ಲೇ ಕಾಫಿ ಮಾಡಿ ನಮಗೇ ತಂದುಕೊಟ್ಟರು. ಸಕ್ಕರೆ ಇಲ್ಲವೇ ಎಂದರೆ, ಇದೆ, ಹಿತ್ತಾಳೆ ಡಬ್ಬಿಯಲ್ಲಿ. ಆ ಡಬ್ಬಿಗೆ ಬೀಗ. ಬೀಗದ ಕೈ ಆಕೆಯ ಸೊಂಟದಲ್ಲಿ. ಆಕೆ ನಡೆದರೆ ಸಕ್ಕರೆ ನಡೆದ ಸದ್ದಾಗುತ್ತದೆ. ಇನ್ನು ಹುಡುಗ. "ಏನಪ್ಪಾ ಓದಿದ್ದೀಯ?" ಎಂದು ಕೇಳಿದೆ, ಅಮ್ಮನ ಮುಖ ನೋಡಿದ. "ಊಟ ಆಯ್ತಾ?" ಎಂದೆ, ಅದಕ್ಕೂ ಅಮ್ಮನ ಮುಖ ನೋಡಿದ. ತನ್ನ ಹೊಟ್ಟೆಯ ಸಮಾಚಾರಕ್ಕೂ ಅವನಿಗೆ ತಾಯಿಯ ಅಪ್ಪಣೆ ಬೇಕು!

ಇಷ್ಟೆಲ್ಲ ಅಂದವಳು ಅಲ್ಲಿಗೆ ಹೆಣ್ಣು ಕೊಡಲು ಹೇಗೆ ಒಪ್ಪಿದ್ದೆ ಎಂದು ಕೇಳಬಹುದು. ದೂರುವುದು ಬೇರೆ, ಕೊಡುವುದು ಬೇರೆ. ನಾನು ದೇವಸ್ಥಾನದ ಪ್ರಸಾದಕ್ಕೂ ಉಪ್ಪು ಕಡಿಮೆ ಎನ್ನುವವಳು. ಹಾಗಂತ ದೇವರಿಗೆ ಕೈ ಮುಗಿಯುವುದು ಬಿಟ್ಟಿದ್ದೀನಾ?

ಅರ್ಧವಾರ್ಷಿಕ ಪರೀಕ್ಷೆಯಲ್ಲಿ "ನಾನು ಮಾಡಿದ ಒಂದು ಪ್ರಯಾಣ" ಎಂದೇ ಬಂತು. ನೀಲಾ ಎರಡು ಪುಟ ಬರೆದಳು, ಪಾಸೂ ಆದಳು. ಮೇಷ್ಟ್ರಂತೂ ತಾವೇ ಪಾಸಾದವರ ಹಾಗೆ ರುಮಾಲು ತೆಗೆದು ಮತ್ತೆ ಸುತ್ತಿಕೊಂಡರು. ಏನು ಬರೆದಳು ಎಂದು ನಾನು ಕೇಳಲಿಲ್ಲ. ಮಾರ್ಕು ಬಂತು, ಸಾಕು. ಯಜಮಾನರು ಮಾತಿಗೆ ತಪ್ಪುವವರಲ್ಲ. ಒಂದು ವರ್ಷ ತಡೆಯಿರಿ ಎಂದು ತುಮಕೂರಿಗೆ ಬರೆಸಿದರು. ಸಾಹುಕಾರರಿಗೆ ಅದು ಹಿಡಿಸಲಿಲ್ಲ. ತಡೆಯುವುದಾದರೆ ಬೇರೆ ಕಡೆ ನೋಡಬೇಕಾಗುತ್ತದೆ ಎಂದು ಹೇಳಿಕಳಿಸಿದರು. ಓದೂ ಇರಲಿ, ಸಂಬಂಧವೂ ಉಳಿಯಲಿ ಎಂದು ಯಜಮಾನರು ಒಂದು ಉಪಾಯ ಮಾಡಿದರು. ಅಷ್ಟರಲ್ಲಿ ಶಾಲೆಯ ವಾರ್ಷಿಕೋತ್ಸವ ಬಂತು. ನೀಲಾ ತನ್ನ ಪ್ರಬಂಧವನ್ನು ಸಭೆಯಲ್ಲಿ ಓದಬೇಕೆಂದು ಮೇಷ್ಟ್ರು ಗೊತ್ತು ಮಾಡಿದ್ದರು. ವ್ಯಾಪಾರಕ್ಕೆಂದು ಬೆಂಗಳೂರಿಗೆ ಬಂದಿದ್ದ ಕೊಬ್ಬರಿ ಸಾಹುಕಾರರನ್ನು ಯಜಮಾನರು ಅಲ್ಲಿಗೇ ಕರೆದುಕೊಂಡು ಬಂದರು. ಹುಡುಗಿ ಸಭೆಯಲ್ಲಿ ನಿಂತು ಓದುವುದನ್ನು ಕಣ್ಣಾರೆ ಕಂಡರೆ, ಇಂಥ ಸೊಸೆಗೆ ಒಂದು ವರ್ಷ ಕಾದರೆ ನಷ್ಟವಿಲ್ಲ ಎಂದು ಅವರಿಗೇ ಅನ್ನಿಸುತ್ತದೆ ಎಂಬುದು ಲೆಕ್ಕ.

ಶಾಲೆಯ ಅಂಗಳದಲ್ಲಿ ಶಾಮಿಯಾನ. ಗಂಡಸರಿಗೆ ಕುರ್ಚಿ, ನಮಗೆ ಜಮಖಾನ. ಪ್ರಾರ್ಥನೆ ಆಯಿತು, ಕೋಲಾಟ ಆಯಿತು, ನೀಲಾ ಬಂದು ನಿಂತಳು. "ದೇಶ ಸುತ್ತು, ಕೋಶ ಓದು ಎಂಬ ನಾಣ್ಣುಡಿಯಂತೆ ಪ್ರಯಾಣವು ಮಾನವನ ಜ್ಞಾನವನ್ನು ವಿಸ್ತಾರಗೊಳಿಸುತ್ತದೆ" ಎಂದು ಓದಿದಳು. ಇದು ಮೇಷ್ಟ್ರದು ಎಂದುಕೊಂಡೆ. ಮುಂದಿನದು ಕೋಳಿ. ಅಯ್ಯೋ, ಇದು ನನ್ನದು! ಜನ ನಕ್ಕರು. ಶಿವಗಂಗೆ ಬಿಟ್ಟು ಇದನ್ನು ಹಿಡಿದಿದ್ದಾಳಲ್ಲ ಎಂದು ಗಂಡಸರ ಕುರ್ಚಿಗಳ ಕಡೆ ಕತ್ತು ತಿರುಗಿಸಿದೆ. ಕೋಳಿಗೆ ಕೊಬ್ಬರಿ ಸಾಹುಕಾರರು ಹೊಟ್ಟೆ ಕುಣಿಸಿಕೊಂಡು ನಕ್ಕರು. ಜಟಕಾದವನಿಗೆ ತೊಡೆ ತಟ್ಟಿಕೊಂಡು ನಕ್ಕು ಯಜಮಾನರ ಕಡೆ ಬಾಗಿ, "ಚುರುಕಿದಾಳೆ ಕಣ್ರೀ" ಎಂದದ್ದು ನಮ್ಮ ಜಮಖಾನದವರೆಗೂ ಕೇಳಿಸಿತು. "ಅಲ್ಲಿ ಒಬ್ಬ ಬಂಧುಗಳ ಮನೆಗೆ ಹೋದೆವು. ನಾವು ಕೊಟ್ಟ ಬೆಲ್ಲದಲ್ಲೇ ನಮಗೆ ಕಾಫಿ ಬಂತು" ಎಂದು ಓದಿದಳು. ಸಾಹುಕಾರರ ನಗು ಅರ್ಧಕ್ಕೆ ನಿಂತಿತು. ಸಕ್ಕರೆ ಡಬ್ಬಿ ಬಂತು, ಬೀಗ ಬಂತು, ಸೊಂಟದ ಬೀಗದ ಕೈ ಬಂತು. ನಮ್ಮ ಜಮಖಾನದ ಹೆಂಗಸರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದಾರೆ. ನನ್ನ ಪಕ್ಕದವಳು, "ಯಾರ ಮನೇನೋ ಪಾಪ, ಮಾನ ಹೋಯ್ತು" ಎಂದು ನನ್ನ ತೋಳು ಚಿವುಟುತ್ತಾಳೆ. ಕೊನೆಗೆ, ಊಟ ಆಯಿತೇ ಎಂದರೆ ಅಮ್ಮನ ಮುಖ ನೋಡುವ ಹುಡುಗನೂ ಬಂದ. ನೀಲಾ ತಲೆ ಎತ್ತಲಿಲ್ಲ, ನಗಲಿಲ್ಲ, ನಷ್ಟದ ಲೆಕ್ಕ ಓದುವ ಹಾಗೆ ಒಂದೇ ದನಿಯಲ್ಲಿ ಓದಿ ಮುಗಿಸಿದಳು: "ಆದುದರಿಂದ ಎಲ್ಲರೂ ಪ್ರಯಾಣ ಮಾಡಬೇಕು." ಕೊಬ್ಬರಿ ಸಾಹುಕಾರರು ಶಾಲು ಹೆಗಲಿಗೆ ಹಾಕಿಕೊಂಡು ಆ ಕ್ಷಣವೇ ಪ್ರಯಾಣ ಮಾಡಿದರು.

ಚಪ್ಪಾಳೆಯ ನಡುವೆ ಮೇಷ್ಟ್ರು ಮುಖವರಳಿಸಿಕೊಂಡು ನನ್ನ ಹತ್ತಿರ ಬಂದರು. "ಹೇಗಿತ್ತು ಅಮ್ನೋರೆ?" ಎದ್ದು ಹೋದವರು ಯಾರೆಂದು ಹೇಳಿದೆ. ಅವರ ಮುಖ ಹುಳಿಗೆ ಬಿದ್ದ ಸೌತೆಕಾಯಿಯ ಹಾಗೆ ಬಾಡಿತು.

"ಹೆಸರು ತೆಗೆಸಿದ್ದೆನಲ್ಲ ತಾಯಿ!"

"ಹೆಸರು ತೆಗೆದ್ರೆ ಸೊಂಟದಲ್ಲಿರೋ ಬೀಗದ ಕೈ ಹೋಗುತ್ತೇನ್ರೀ ಮೇಷ್ಟ್ರೇ?"

ಮಾರನೆಯ ದಿನ ಸಾಹುಕಾರರು ಮಂಡಿಗೆ ಬಂದರಂತೆ. ನಮಸ್ಕಾರ ಇಲ್ಲ, ಮಾತಿಲ್ಲ. ಯಜಮಾನರ ಎದುರಿಗೆ ಕೂತು, ಟವಲು ಹೊದಿಸಿ, ಅದರ ಅಡಿಯಲ್ಲಿ ಯಜಮಾನರ ಕೈ ಹಿಡಿದರಂತೆ. ಕೊಬ್ಬರಿಗೋ ಬೆಲ್ಲಕ್ಕೋ ಎಂದು ಇವರು ಕಾದರು. ಅವರು ಒಂದು ಬೆರಳನ್ನೂ ಒತ್ತದೆ ಕೈ ಹೊರಕ್ಕೆ ತೆಗೆದುಕೊಂಡು, ಟವಲು ಕೊಡವಿ, ಎದ್ದು ಹೋದರಂತೆ. ಸಂಬಂಧ ಮುರಿದದ್ದು ಪಕ್ಕದ ಗುಮಾಸ್ತನಿಗೂ ತಿಳಿಯಲಿಲ್ಲ. ಮರ್ಯಾದಸ್ಥರ ರೀತಿ ಎಂದರೆ ಅದು. ಅದೊಂದನ್ನು ನಾನು ಈಗಲೂ ಒಪ್ಪುತ್ತೇನೆ.

ಆವತ್ತು ಊಟಕ್ಕೆ ಕೂತಾಗ ಯಜಮಾನರು ಇದನ್ನು ಇಷ್ಟೂ ಹೇಳಿದರು. ಅಷ್ಟು ಮಾತು ಅವರ ಬಾಯಿಂದ ಒಟ್ಟಿಗೆ ಬಂದದ್ದು ಕಂಡು ಅವರಿಗೆ ಜ್ವರ ಬಂದಿದೆಯೇನೋ ಎಂದು ನನಗೆ ಹೆದರಿಕೆಯಾಯಿತು. ಆಮೇಲೆ ನೀಲಾಳನ್ನು ಕರೆದರು. ಅವಳು ಬಂದು ಕಂಬ ಹಿಡಿದು ನಿಂತಳು. ಇವರು ಬೈದರೆ ಓದು ಹೋಯಿತು, ಸಂಬಂಧವಂತೂ ಹೋಗಿಯೇ ಇತ್ತು.

"ಬೇಕೂಂತ ಬರೆದ್ಯಾ?"

"ಅಮ್ಮ ಹೇಳಿದ್ದು ಬರೆದೆ."

"ಶಿವಗಂಗೇನೂ ಹೇಳಿದ್ದೆನಲ್ಲೇ!" ಎಂದು ನಾನು ಬಾಯಿ ಹಾಕಿದೆ.

"ಅಲ್ಲಿ ಬರೀ ಮೆಟ್ಟಿಲು. ಒಂದೂವರೆ ಪುಟ ಆಗ್ತಿರಲಿಲ್ಲ."

ಯಜಮಾನರು ತಲೆ ಬಗ್ಗಿಸಿಕೊಂಡು ಅನ್ನ ಕಲಸಿದರು. ಕಲಸುತ್ತಾ ಕಲಸುತ್ತಾ ಅವರ ಭುಜ ಅಲುಗಿತು. ನೆತ್ತಿಗೆ ಹತ್ತಿತೇನೋ ಎಂದು ನೀರಿನ ಲೋಟ ಹತ್ತಿರ ತಳ್ಳಿದೆ. ನಗುತ್ತಿದ್ದರು. "ಮೊದಲ ಗುಟುಕಿಗೇ ಗುರುತು ಹಿಡಿದಿದ್ದೆ ಕಣೇ. ನಮ್ಮ ಬೆಲ್ಲಾನೇ" ಎಂದರು. ನಗು ಒರೆಸಿಕೊಂಡು ಮಗಳ ಕಡೆ ನೋಡಿ, "ಓದು" ಎಂದರು.

ಓದಿದಳು. ಎಸ್ಸೆಸ್ಸೆಲ್ಸಿ ಮುಗಿಸಿದಳು, ಮುಂದಕ್ಕೂ ಹೋದಳು. ಮದುವೆಯೂ ಆಯಿತು, ಊಟ ಆಯ್ತೇನಪ್ಪ ಎಂದರೆ ಅಳಿಯ ಉತ್ತರವನ್ನು ತಾನೇ ಹೇಳುತ್ತಾನೆ. ನೀಲಾ ಈಗ ಬಸವನಗುಡಿಯ ಒಂದು ಹೈಸ್ಕೂಲಿನಲ್ಲಿ ಲೆಕ್ಕದ ಟೀಚರು. ಕನ್ನಡದವರು ರಜಾ ಹಾಕಿದರೆ ಪ್ರಬಂಧದ ಪೀರಿಯಡ್ಡೂ ಇವಳದೇ. ಮಕ್ಕಳು ಒಂದೂವರೆ ಪುಟ ಬರೆದರೆ ಒಂದು ಪುಟ ಹೊಡೆದುಹಾಕುತ್ತಾಳಂತೆ. "ಮಿಸ್ ಕ್ಲಾಸಲ್ಲಿ ಪ್ರಬಂಧ ಬೇಗ ಮುಗಿಯುತ್ತೆ ಅಜ್ಜಿ" ಎಂದು ಒಂದು ಹುಡುಗಿ ನನ್ನ ಹತ್ತಿರವೇ ಹೊಗಳಿತು. ಪಾಪ, ನಮ್ಮ ಮೇಷ್ಟ್ರು ಇದನ್ನು ಕೇಳಿದ್ದರೆ ಪೀಠಿಕೆಯಿಲ್ಲದೆಯೇ ಅತ್ತುಬಿಡುತ್ತಿದ್ದರು.

ಇದನ್ನೆಲ್ಲ ನಾನು ಒತ್ತು ದಾಟಿ ದಾಟಿ, ಹುಣಿಸೆಹಣ್ಣು ಬಿಡಿಸುವುದನ್ನೂ ಬಿಟ್ಟು ಬರೆದೆ. ಬರೆದು ನೀಲಾಳ ಕೈಗೆ ಕೊಟ್ಟೆ, ತಪ್ಪಿದ್ದರೆ ತಿದ್ದೇ ಎಂದೆ. ಅವಳು ಓದಿದಳು. ಅವತ್ತು ಬೇಕೆಂದೇ ಬರೆದದ್ದೋ ಅಲ್ಲವೋ ಎಂಬುದನ್ನು ಇಷ್ಟು ವರ್ಷ ಆದಮೇಲಾದರೂ ಹೇಳುತ್ತಾಳೇನೋ ಎಂದು ನಾನು ಅವಳ ಮುಖವನ್ನೇ ನೋಡುತ್ತಿದ್ದೆ. "ಇಷ್ಟಕ್ಕೆ ಇಷ್ಟು ಪುಟ ಯಾಕಮ್ಮ?" ಎಂದಳು. ಕೊನೆಯ ಹಾಳೆಯನ್ನು ತಿರುಗಿಸಿ ಹಿಂದುಗಡೆ ತಾನೇ ಬರೆದುಕೊಟ್ಟಳು: "ಅಮ್ಮ ಮಾತಾಡಿದಳು. ನಾನು ಬರೆದೆ. ತುಮಕೂರಿನವರು ಎದ್ದು ಹೋದರು. ಲಾಭ."

ನಾನು ಪೆನ್ಸಿಲ್ ಕಿತ್ತುಕೊಂಡು ಅದರ ಪಕ್ಕದಲ್ಲಿ ಹತ್ತಕ್ಕೆ ಎರಡು ಎಂದು ಹಾಕಿದೆ. ಹಾಕುವಾಗ "ಹತ್ತಕ್ಕೆ" ಎಂಬುದರಲ್ಲಿ ಎರಡು ಒತ್ತು ಅಡ್ಡ ಬಂದವು. ನಾನು ಆ ಕಡೆ ಈ ಕಡೆ ನೋಡುತ್ತಾ ನಿಂತಿರುವಾಗ ಮಗಳೇ ಕೈ ಹಿಡಿದು ದಾಟಿಸಿದಳು.